ಸೂಜಕ್ಕ ಮತ್ತು ವಕೀಲರ ಮೈಬಣ್ಣ

ಸೂಜಕ್ಕನ ಕೆಲಸ ಚೆನ್ನಾಗಿ ಆಗಿದೆ ಎಂದರೆ ಅದು ಯಾರ ಕಣ್ಣಿಗೂ ಬೀಳಬಾರದು. ಕಿಡಿ ಬಿದ್ದು ತೂತಾದ ಕೋಟು, ಇಲಿ ಕಡಿದ ಶಾಲು, ಮೊಳೆಗೆ ಸಿಕ್ಕಿ ಹರಿದ ಪ್ಯಾಂಟು, ಏನೇ ಇರಲಿ, ವಾಪಸ್ಸು ಕೊಡುವಾಗ ಗಿರಾಕಿ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಗಿನ ಹತ್ತಿರ ತಂದು, "ತೂತು ಎಲ್ಲಿತ್ತು?" ಎಂದು ಕೇಳಬೇಕು. ಕೇಳಿದರೂ ಅವಳು ತೋರಿಸುತ್ತಿರಲಿಲ್ಲ. "ಇತ್ತು ಅನ್ನೋದನ್ನೇ ಮರೆತುಬಿಡಿ" ಎನ್ನುತ್ತಿದ್ದಳು. ರಫೂ ಮಾಡುವವರ ಹೆಮ್ಮೆ ಇಷ್ಟೇ.

ಹನ್ನೆರಡನೆಯ ವಯಸ್ಸಿನಲ್ಲಿ ಚಿಕ್ಕಮ್ಮನ ಪಕ್ಕ ಕೂತು ಕಲಿತ ವಿದ್ಯೆ ಅದು. ಬಟ್ಟೆಯ ಒಳಮಡಿಕೆಯಿಂದ ಅದರದೇ ಎಳೆಗಳನ್ನು ಬಿಡಿಸಿಕೊಂಡು, ಹರಿದ ಜಾಗದಲ್ಲಿ ಒಂದರ ಮೇಲೆ ಒಂದರ ಕೆಳಗೆ ಹಾಯಿಸಿ ಮತ್ತೆ ನೇಯಬೇಕು. ಒಳಮಡಿಕೆಯಲ್ಲಿ ಎಳೆ ಸಿಗದಿದ್ದರೆ ಹೊರಗಿನ ದಾರವೇ ಗತಿ. ಆಗ ಬಣ್ಣ ಕೂಡಿಸುವುದೇ ದೊಡ್ಡ ಕೆಲಸ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ, ಉತ್ತರದ ಕಿಟಕಿಯ ಬೆಳಕಿನಲ್ಲಿ ಮಾತ್ರ ಅವಳು ಬಣ್ಣ ಕೂಡಿಸುತ್ತಿದ್ದಳು. ರಟ್ಟಿನ ಮೇಲೆ ಸುತ್ತಿದ ಇನ್ನೂರ ನಲವತ್ತು ದಾರಗಳಿದ್ದವು. ಉಳಿದವರಿಗೆ ಕಂದು ಎಂದರೆ ಕಂದು. ಅವಳಿಗೆ ಅದರಲ್ಲೇ ಮೂವತ್ತೊಂದು ಬಗೆ.

ಮದುವೆಯಾಗಿ ಆರನೇ ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಅವಳ ತಮ್ಮ ಡ್ರೈಕ್ಲೀನಿಂಗ್ ಅಂಗಡಿ ಇಟ್ಟಾಗ ಹಿಂದಿನ ಕೋಣೆಯನ್ನು ಅಕ್ಕನಿಗೆ ಬಿಟ್ಟುಕೊಟ್ಟ. ಅಲ್ಲೇ ಕೆಲಸ, ಅಲ್ಲೇ ಒಲೆ, ಅಲ್ಲೇ ಮಂಚ. ಈಗ ಅವಳಿಗೆ ಐವತ್ಮೂರು. ಬಾಯಲ್ಲಿ ಸದಾ ದಾರದ ತುದಿ ಇರುತ್ತಿದ್ದುದರಿಂದ ಮಾತು ಕಡಿಮೆ. ಬರುಬರುತ್ತಾ ದಾರ ಇಲ್ಲದಾಗಲೂ ಬಾಯಿ ಮುಚ್ಚಿಯೇ ಇರುವುದು ರೂಢಿಯಾಯಿತು.

ಹೀಗಿದ್ದವಳ ಕೋಣೆಗೆ ವಕೀಲರು ಬಂದರು.

ವಕೀಲರು ಅಂದರೆ ಮೇಲಿನ ಮಹಡಿಯ ಟೀಚರ್ ಸಾಕಿದ ಬೆಕ್ಕು. ಜಾತಿಯಲ್ಲಿ ಸಯಾಮೀಸ್. ವಂಶಾವಳಿಯ ಕಾಗದದಲ್ಲಿ ಅದಕ್ಕೆ ಒಂದು ಸಾಲು ಪೂರ್ತಿ ಹಿಡಿಯುವಷ್ಟು ಉದ್ದದ ಹೆಸರಿತ್ತು. ಕರೆಯಲು ಯಾರಿಗೂ ಉಸಿರು ಸಾಲುತ್ತಿರಲಿಲ್ಲ. ಯಾವುದಕ್ಕೂ ಸುಮ್ಮನಿರದೆ ವಾದ ಮಾಡುವ ಸ್ವಭಾವ ಕಂಡು ವಕೀಲರು ಎಂದು ಹೆಸರಿಟ್ಟವನು ಸೂಜಕ್ಕನ ತಮ್ಮ.

ಟೀಚರ್ ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಬೆಕ್ಕಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ಒಮ್ಮೆ ಬಾಲ್ಕನಿಯ ಬಾಗಿಲು ತೆರೆದಿಟ್ಟರು ಎಂಬ ಒಂದೇ ಕಾರಣಕ್ಕೆ ಹತ್ತು ವರ್ಷದಿಂದ ಮನೆಗೆಲಸಕ್ಕೆ ಬರುತ್ತಿದ್ದವರನ್ನು ನಿಲ್ಲಿಸಿಬಿಟ್ಟಿದ್ದರು. ಅಂಥವರಿಗೆ ಎರಡೂ ಮಂಡಿಯ ಶಸ್ತ್ರಚಿಕಿತ್ಸೆ ಒಂದರ ಹಿಂದೆ ಒಂದು ಆಗಬೇಕಾಗಿ ಬಂತು. ನಾಲ್ಕು ತಿಂಗಳು ಅಣ್ಣನ ಊರಿನಲ್ಲಿರಬೇಕು. ಯೋಚಿಸಿ ಯೋಚಿಸಿ ಕೊನೆಗೆ ಬುಟ್ಟಿ ಹಿಡಿದು ಕೆಳಗಿಳಿದು ಬಂದರು.

"ನಿನ್ನ ಕೈ ನಿಧಾನ. ನಿನಗೆ ಅವಸರ ಇಲ್ಲ. ಅದಕ್ಕೇ ನಿನ್ನ ಹತ್ರ ಬಿಡ್ತಿದ್ದೀನಿ," ಎಂದರು. "ನಾನು ಬಂದ ಮೇಲೆ ಅವನ ಸ್ಪರ್ಧೆ ಇದೆ. ತಳಿ ಬೆಕ್ಕುಗಳ ಸ್ಪರ್ಧೆ. ಮೈಮೇಲೆ ಒಂದು ಕಲೆ ಇರಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು ಟೀಚರ್."

ಬುಟ್ಟಿಯ ಬಾಗಿಲು ತೆಗೆದದ್ದೇ ತಡ, ವಕೀಲರು ಹೊರಗೆ ಬಂದು ಕೋಣೆಯ ನಡುವೆ ನಿಂತು ಕೂಗಿದರು. ಮಿಯಾಂವ್ ಎನ್ನುವ ಸದ್ದಲ್ಲ ಅದು. ಗಂಟಲು ಕಟ್ಟಿದ ಮಗು ಹಟ ಹಿಡಿದಂತಿತ್ತು.

ಸೂಜಕ್ಕ ಬೆಕ್ಕನ್ನು ಮೊದಲು ನೋಡಿದ್ದು ಬಟ್ಟೆ ನೋಡುವ ಹಾಗೆ. ಮೈ ತೆಳ್ಳಗೆ, ಉದ್ದ. ಒಳಗೆ ಎಲುಬಿನ ಬದಲು ಬೆತ್ತ ಇಟ್ಟಂತೆ ಬಳುಕುತ್ತಿತ್ತು. ಮುಖ ತ್ರಿಕೋನ. ಅದಕ್ಕೆ ಅಳತೆ ತಪ್ಪಿ ಹೊಲಿದಷ್ಟು ದೊಡ್ಡ ಕಿವಿಗಳು. ಕಣ್ಣು ಓರೆ, ನೀಲಿ. ಮೈಯೆಲ್ಲ ಕೆನೆಯ ಬಣ್ಣ. ಮುಖ, ಕಿವಿ, ಪಾದ, ಬಾಲ ಮಾತ್ರ ಸುಟ್ಟ ಕಾಫಿಬೀಜದ ಕಂದು. ಕೆನೆ ಎಲ್ಲಿ ಮುಗಿದು ಕಂದು ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ಹೇಳಲು ಅವಳಿಗೂ ಆಗಲಿಲ್ಲ. "ಇದನ್ನ ಮಾಡಿದವನು ರಫೂ ಕಲಿತವನೇ" ಎಂದುಕೊಂಡಳು.

ಸ್ವಭಾವ ಗೊತ್ತಾಗಲು ಎರಡು ದಿನ ಸಾಕಾಯಿತು. ವಕೀಲರಿಗೆ ಮುಚ್ಚಿದ ಬಾಗಿಲು, ಮುಚ್ಚಿದ ಡಬ್ಬಿ, ಮುಚ್ಚಿದ ಬಾಯಿ ಮೂರೂ ಆಗುತ್ತಿರಲಿಲ್ಲ. ಡ್ರಾಯರಿನ ಹಿಡಿಗೆ ಪಾದ ಸಿಕ್ಕಿಸಿ ಎಳೆಯುವುದನ್ನು ಕಲಿತರು. ಅವಳು ಒಲೆಯ ಬಳಿ ಹೋದರೆ ಒಲೆಯ ಬಳಿ, ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲಿನ ಹೊರಗೆ, ಒಳಗಿರುವವರ ಆರೋಗ್ಯ ವಿಚಾರಿಸುತ್ತಾ ಕೂತಿರುತ್ತಿದ್ದರು. ಸೂಜಕ್ಕನ ತಮ್ಮ ಮಡಿಲಿಗೆ ಕರೆದರೆ ಹೋಗುತ್ತಿರಲಿಲ್ಲ. ಹಿಡಿದ ಮನುಷ್ಯನನ್ನೇ ಹಿಡಿಯುವ ಜಾತಿ ಅದು.

"ಆಂ?" ಎನ್ನುತ್ತಿದ್ದರು ವಕೀಲರು.

"ಏನಿಲ್ಲ," ಎನ್ನುತ್ತಿದ್ದಳು ಸೂಜಕ್ಕ.

"ಆಂಂಂ?"

"ಇದಾ? ಇದು ಡಾಕ್ಟರ ಕೋಟು. ಆ್ಯಸಿಡ್ ಬಿದ್ದಿದೆ."

ತಮ್ಮ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಒಳಗೆ ಇಣುಕಿದ. "ಅಕ್ಕಾ, ಯಾರ ಜೊತೆ ಮಾತಾಡ್ತಿದ್ದೀಯ?"

"ವಕೀಲರು ಕೇಳಿದ್ರು, ಹೇಳಿದೆ."

"ಇಪ್ಪತ್ತೈದು ವರ್ಷದಿಂದ ನಾನು ಕೇಳ್ತಿದ್ದೀನಿ, ನನಗೆ ಉತ್ತರ ಕೊಟ್ಟಿಲ್ಲ ನೀನು!"

"ನೀನು ಎರಡನೇ ಸಲ ಕೇಳಲ್ಲ ಕಣೋ. ಇವರು ಬಿಡಲ್ಲ."

ಮೂರನೇ ವಾರ ಆ ಅನಾಹುತ ಆಯಿತು. ಕಾಲರಿನ ಒಳಗೆ ಗಟ್ಟಿ ಬಟ್ಟೆ ಅಂಟಿಸಲು ಅವಳ ತಮ್ಮ ಬಟ್ಟಲಲ್ಲಿ ಅಂಟು ಕಲಸಿಟ್ಟು, ಬಾಗಿಲ ಬಳಿ ಗಿರಾಕಿಯೊಂದಿಗೆ ಮಾತಿಗೆ ನಿಂತಿದ್ದ. ಬಟ್ಟಲಲ್ಲಿ ಏನಿದೆ ಎಂದು ತಿಳಿಯದೆ ವಕೀಲರಿಗೆ ಇರಲಾಗಲಿಲ್ಲ. ಮೇಜಿಗೆ ಹಾರಿದರು, ಬಟ್ಟಲು ಮಗುಚಿತು, ಅವರೂ ಅದರ ಮೇಲೆ ಮಗುಚಿದರು. ಎಡಪಕ್ಕೆಯಲ್ಲಿ ಅಂಗೈ ಅಗಲ ಕೂದಲು ಒಂದೇ ಹಲಗೆಯಾಯಿತು. ಅವರು ಕೂಗಿದ ಕೂಗಿಗೆ ಗಿರಾಕಿ ಕೋಟು ಬಿಟ್ಟು ಓಡಿದ.

"ಪೆಟ್ರೋಲ್ ಹಚ್ಚಿದ್ರೆ ಬಿಡುತ್ತೆ ಅಕ್ಕಾ," ಎಂದು ತಮ್ಮ ಬಾಟಲಿ ತಂದ.

ಅವನ ಕೈಗೆ ಪಟ್ಟನೆ ಒಂದು ಕೊಟ್ಟಳು. "ಅವರು ನೆಕ್ಕಿಕೊಳ್ಳಲ್ವೇನೋ? ಸಾಯಿಸ್ತೀಯಾ?"

ಅವಳು ಕತ್ತರಿ ಹಿಡಿದಳು. ತುದಿ ಮೊಂಡಾದ ಪುಟ್ಟ ಕತ್ತರಿಯಿಂದ ಅಂಟನ್ನು ಚೂರುಚೂರೇ ಕತ್ತರಿಸಿ ತೆಗೆದಳು. ಉಳಿದ ಗಂಟುಗಳನ್ನು ಉಣ್ಣೆಬಟ್ಟೆಯ ಮೇಲೇಳುವ ಗುಳ್ಳೆ ಬೋಳಿಸುವ ಯಂತ್ರದಿಂದ ನವಿರಾಗಿ ಬೋಳಿಸಿದಳು. ಚರ್ಮಕ್ಕೆ ಒಂದು ಗೀರೂ ಬೀಳಲಿಲ್ಲ. ಬಟ್ಟೆಯಾಗಿದ್ದರೆ ಅವಳಿಗೆ ಎದೆ ಒಡೆಯುತ್ತಿತ್ತು. ಇದು ಕೂದಲು, ತನ್ನಷ್ಟಕ್ಕೆ ತಾನೇ ರಫೂ ಆಗುತ್ತದೆ, ಅದೂ ಅದೇ ಎಳೆಯಿಂದ ಅದೇ ಬಣ್ಣದಲ್ಲಿ. ನಿಶ್ಚಿಂತೆಯಿಂದ ಯಂತ್ರ ಒರೆಸಿಟ್ಟಳು. ಬಣ್ಣದ ವಿಷಯದಲ್ಲಿ ಅವಳು ಮಾಡಿದ ಮೊದಲ ತಪ್ಪು ಅದು.

ಭಾನುವಾರ ಟೀಚರ್ ಫೋನ್ ಮಾಡಿದರು. "ಹೇಗಿದ್ದಾನೆ?"

"ಚೆನ್ನಾಗಿದ್ದಾರೆ ಟೀಚರ್." ಸುಳ್ಳೇನಲ್ಲ. ಹೇಗೂ ಬೆಳೆಯುತ್ತದಲ್ಲ, ನೋವಿನಲ್ಲಿರುವವರಿಗೆ ಯಾಕೆ ಹೇಳಬೇಕು?

ಚಳಿ ಶುರುವಾಗಿತ್ತು. ಹಿಂದಿನ ಕೋಣೆಯ ನೆಲ ಕಲ್ಲಿನದು. ಕಿಟಕಿಯ ಸಂದಿನಿಂದ ಗಾಳಿ ಬರುತ್ತಿತ್ತು. ಬೋಳು ಜಾಗದಲ್ಲಿ ನುಣ್ಣನೆ ಕೂದಲು ಮೂಡಿತು. ಮೊದಲು ನೆರಳಿನಂತೆ ಕಂಡಿತು. ಒಂದು ವಾರಕ್ಕೆ ಚಹಾ ಚೆಲ್ಲಿದಂತೆ. ಕೊಳೆ ಇರಬೇಕೆಂದು ಒದ್ದೆ ಬಟ್ಟೆಯಿಂದ ಒರೆಸಿದಳು, ಹೋಗಲಿಲ್ಲ. ಸೀಮೆಸುಣ್ಣದ ಪುಡಿ ಉದುರಿಸಿ ಬಾಚಿದಳು, ಹೋಗಲಿಲ್ಲ. ನಿಂಬೆಹಣ್ಣು ಕೈಗೆತ್ತಿಕೊಂಡಾಗ ವಕೀಲರು ಮಂಚದಡಿ ಸೇರಿ ಅರ್ಧ ಗಂಟೆ ಆಕ್ಷೇಪಣೆ ಸಲ್ಲಿಸಿದರು.

ಅವಳಿಗೆ ಮೊದಲು ಬಂದ ಅನುಮಾನ ತನ್ನ ಕಣ್ಣಿನ ಮೇಲೆ. ಕಣ್ಣು ಹೋದರೆ ಅವಳಿಗೆ ಏನೂ ಉಳಿಯುವುದಿಲ್ಲ. ಮರುದಿನ ಹತ್ತು ಗಂಟೆಗೆ ಬೆಕ್ಕನ್ನು ಕಿಟಕಿಗೆ ತಂದು, ಆ ಕೂದಲಿನ ಪಕ್ಕ ದಾರಗಳನ್ನು ಒಂದೊಂದಾಗಿ ಹಿಡಿದಳು. ಒಂಬತ್ತನೇ ಕಂದು. ಎರಡು ವಾರದ ನಂತರ ಮತ್ತೆ ಹಿಡಿದಳು. ಹದಿನೇಳನೇ ಕಂದು. ತಮ್ಮನನ್ನು ಕರೆದು ತೋರಿಸಿದಳು.

"ಇದೇನಕ್ಕಾ, ವಕೀಲರ ಪಕ್ಕೇಲಿ ಇನ್ನೊಂದು ಬಾಲ ಮೊಳೀತಾ ಇದೆಯಾ?"

"ಕಾಣ್ತಿದೆ ತಾನೇ ನಿನಗೂ?"

"ಬೀದಿಯ ಆ ಕಡೆಯಿಂದ ಕಾಣುತ್ತೆ."

ಕಣ್ಣು ಸರಿಯಿದೆ ಎಂದು ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆಗೆ ದಿನ ಎಣಿಸಿದಳು. ಟೀಚರ್ ಬರಲು ಇನ್ನು ಐದು ವಾರ. ಸ್ಪರ್ಧೆಯದು ಹಾಗಿರಲಿ, ಬಾಲ್ಕನಿಯ ಬಾಗಿಲಿಗೇ ಹತ್ತು ವರ್ಷದ ನಂಟು ಕಡಿದುಕೊಂಡವರು, ಈ ಅಂಗೈ ಅಗಲದ ಕಲೆ ನೋಡಿದ ಮೇಲೆ ತನ್ನನ್ನು ಬೆಕ್ಕಿನ ಹತ್ತಿರ ಬಿಟ್ಟಾರೆಯೇ? ಕೇಳಿದ್ದನ್ನೇ ಎರಡನೇ ಸಲ ಕೇಳುವ ಆ ಒಂದು ಜೀವ ಮತ್ತೆ ಈ ಕೋಣೆಗೆ ಬರುವುದಿಲ್ಲ ಎಂದು ನೆನೆದರೆ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ.

ಪ್ರಾಣಿಗಳ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಲೆಯನ್ನು ನೋಡಿ ನಕ್ಕರು.

"ಅಮ್ಮಾ, ಇದು ಕಾಯಿಲೆ ಅಲ್ಲ. ಈ ಜಾತಿಯೇ ಹೀಗೆ. ಮೈ ಬೆಚ್ಚಗಿರೋ ಕಡೆ ಕೂದಲಿಗೆ ಬಣ್ಣ ತುಂಬಲ್ಲ. ತಣ್ಣಗಿರೋ ಕಡೆ ತುಂಬುತ್ತೆ. ಕಿವಿ, ಮೂಗು, ಪಾದ, ಬಾಲದ ತುದಿ ತಣ್ಣಗಿರುತ್ತಲ್ವಾ, ಅದಕ್ಕೇ ಅಲ್ಲೆಲ್ಲ ಕಪ್ಪು. ನೀವು ಚಳೀಲಿ ಇಲ್ಲಿ ಬೋಳಿಸಿದ್ರಿ, ಚರ್ಮ ತಣ್ಣಗಾಯ್ತು. ಹೊಸ ಕೂದಲು ಇದೂ ಒಂದು ಕಿವಿ ಅಂದುಕೊಂಡು ಬೆಳೀತು."

ಸೂಜಕ್ಕ ಬಾಯಿ ತೆರೆದು ಕೂತಳು. "ಹಾಗಾದ್ರೆ ಹುಟ್ಟಿದಾಗ?"

"ಪೂರ್ತಿ ಬಿಳಿ. ತಾಯಿ ಹೊಟ್ಟೆ ಎಲ್ಲ ಕಡೆ ಬೆಚ್ಚಗಲ್ವಾ?"

"ಹೊರಗೆ ಬಂದ ಮೇಲೆ..."

"ಚಳಿ ತಾಕಿದ ಕಡೆಯಿಂದ ಬಣ್ಣ ಏರ್ತಾ ಬರುತ್ತೆ. ವಯಸ್ಸಾದ ಹಾಗೆ ಮೈಯೂ ಸ್ವಲ್ಪ ಮಾಸುತ್ತೆ."

"ಈ ಕಲೆ ಹೋಗೋದು?"

"ಈ ಕೂದಲು ಉದುರಿ ಹೊಸದು ಬರಬೇಕು. ಬೆಚ್ಚಗಿಟ್ಟುಕೊಂಡ್ರೆ ಹೊಸದು ಕೆನೆ ಬಣ್ಣ ಬರಬಹುದು. ಆದ್ರೆ ತಿಂಗಳುಗಳು ಬೇಕು. ಅವಸರ ಏನಿಲ್ವಲ್ಲ?"

ದಾರಿಯುದ್ದಕ್ಕೂ ಅವಳಿಗೆ ಭಯ ಮರೆತೇ ಹೋಗಿತ್ತು. ಬಣ್ಣ ಎಂದರೆ ನೂಲಿಗೆ ಹೊರಗಿನಿಂದ ಹತ್ತುವ ವಸ್ತು ಎಂದು ನಲವತ್ತು ವರ್ಷ ನಂಬಿದ್ದಳು. ಚಳಿ ತಾನೇ ಬಣ್ಣವಾಗುತ್ತದೆ ಎಂದು ಯಾರು ಕಂಡಿದ್ದರು? ಮನೆಗೆ ಬಂದವಳೇ ಬೆಕ್ಕನ್ನು ಮೇಜಿನ ಮೇಲೆ ನಿಲ್ಲಿಸಿ, ಇಸ್ತ್ರಿಯ ಶಾಖ ನೋಡುವ ಹಾಗೆ ಕೈಯ ಹಿಂಬದಿಯನ್ನು ಅಲ್ಲಲ್ಲಿ ಒತ್ತಿದಳು. ಹೊಟ್ಟೆ ಬೆಚ್ಚಗೆ. ಕತ್ತಿನ ಕೆಳಗೆ ಬೆಚ್ಚಗೆ. ಕಿವಿ ತಣ್ಣಗೆ. ಬಾಲದ ತುದಿ ಇನ್ನೂ ತಣ್ಣಗೆ. ಕಣ್ಣು ಮುಚ್ಚಿ ಮುಟ್ಟಿ, ಇಲ್ಲಿ ಎಷ್ಟನೇ ಕಂದು ಎಂದು ಅಂದಾಜಿಸಿ, ಕಣ್ಣು ತೆರೆದು ನೋಡಿದಳು. ಐದರಲ್ಲಿ ನಾಲ್ಕು ಸಲ ಸರಿಯಾಯಿತು. ಆಮೇಲೆ ತಮ್ಮನ ಕಿವಿ ಹಿಡಿದಳು.

"ಏ, ಏನು ಮಾಡಿದೆ ನಾನು?"

"ನಿಂದೂ ತಣ್ಣಗಿದೆ ಕಣೋ. ಆದ್ರೂ ಕಪ್ಪಾಗಿಲ್ಲ."

"ಅಕ್ಕಾ, ನಿನಗೆ ತಲೆ ಕೆಟ್ಟಿದೆ."

"ಹೂಂ, ಸ್ವಲ್ಪ."

ಆ ಸಂಜೆಯೇ ಹಳೆಯ ಉಣ್ಣೆಯಿಂದ ವಕೀಲರಿಗೆ ಪಕ್ಕೆ ಮುಚ್ಚುವ ಅಂಗಿ ಹೊಲಿದಳು. ಅದನ್ನು ತೊಡಿಸಿದಾಗ ಅವರು ಒಂದು ಬದಿಗೆ ದೊಪ್ಪನೆ ಬಿದ್ದು, ತಮಗೆ ಕಾಲುಗಳೇ ಇಲ್ಲ ಎಂಬಂತೆ ಮಲಗಿದರು. ಒಂದು ಗಂಟೆಯಾದ ಮೇಲೆ ಹಸಿವಾಗಿ ಕಾಲುಗಳು ವಾಪಸ್ಸು ಬಂದವು.

ಐದು ವಾರದಲ್ಲಿ ಆಗುವ ಕೆಲಸ ಅದಲ್ಲ ಎಂದು ಅವಳಿಗೂ ಗೊತ್ತಿತ್ತು. ಟೀಚರ್ ಬರುವ ಹಿಂದಿನ ವಾರ ಧೈರ್ಯಗೆಟ್ಟು ಒಂದು ಕೆಲಸಕ್ಕೆ ಕೈ ಹಾಕಿದಳು. ಬಾಚಣಿಗೆಯಲ್ಲಿ ಉದುರಿದ ಕೆನೆ ಬಣ್ಣದ ಕೂದಲು ಕಾಗದದಲ್ಲಿ ಕೂಡಿಟ್ಟಿದ್ದಳು. ಅದರಿಂದ ಒಂದೊಂದೇ ಎಳೆ ತೆಗೆದು ಕಂದು ಕೂದಲಿಗೆ ಗಂಟು ಹಾಕತೊಡಗಿದಳು. ಅತಿ ಸಣ್ಣ ಸೂಜಿ, ಉಸಿರು ಬಿಗಿಹಿಡಿದ ಕೈ. ಒಂದು ಗಂಟೆಯಲ್ಲಿ ಏಳು ಎಳೆ. ವಕೀಲರು ಎದ್ದು ಮೈ ಕೊಡವಿದರು, ಏಳೂ ಉದುರಿದವು. ಆಮೇಲೆ ಅವಳ ಮುಖ ನೋಡಿ ಕೇಳಿದರು, "ಆಂ?"

ಅವಳು ಸೂಜಿಯನ್ನು ಡಬ್ಬಿಗೆ ಸೇರಿಸಿದಳು.

"ಅಂಗಿ ಹಾಕಿಯೇ ಕೊಟ್ಟುಬಿಡು," ಎಂದ ತಮ್ಮ. "ನೆಗಡಿ ಆಗಿತ್ತು ಅನ್ನು. ಸ್ಪರ್ಧೆ ದಿನ ಅವರೇ ಬಿಚ್ಚಿ ನೋಡ್ಲಿ. ಆಗ ನಿನ್ನ ಮೇಲೆ ಬರಲ್ಲ."

ಟೀಚರ್ ಬಂದರು. ಕೋಲೂರಿಕೊಂಡು, ಮೆಟ್ಟಿಲು ಹತ್ತುವ ಮೊದಲು ನೇರ ಹಿಂದಿನ ಕೋಣೆಗೇ. ವಕೀಲರು ಓಡಿಬಂದು ಅವರ ಕಾಲಿಗೆ ತಲೆ ಉಜ್ಜಿ ನಾಲ್ಕು ತಿಂಗಳ ಅಹವಾಲನ್ನು ಒಂದೇ ಉಸಿರಿಗೆ ಸುರಿದರು. ಟೀಚರ ಕಣ್ಣು ತುಂಬಿತು. "ಅಂಗಿ ಬೇರೆ ಹೊಲಿದಿದ್ದೀಯಾ! ಎಷ್ಟು ಚೆನ್ನಾಗಿದೆ!"

ಸುಮ್ಮನಿದ್ದರೆ ಆಗುತ್ತಿತ್ತು. ಬಾಗಿಲಲ್ಲಿ ನಿಂತ ತಮ್ಮ ಸುಮ್ಮನಿರು ಎಂದು ಕಣ್ಣಲ್ಲೇ ಹೇಳುತ್ತಿದ್ದ. ಸೂಜಕ್ಕ ಬಗ್ಗಿ ಅಂಗಿಯ ಗುಂಡಿ ಬಿಚ್ಚಿದಳು.

ಟೀಚರ್ ನೋಡಿದರು. ಅಂಟು, ಕತ್ತರಿ, ಯಂತ್ರ, ಚಳಿ, ಎಲ್ಲವನ್ನೂ ಅವಳು ಹೇಳಿದಳು. ಇಷ್ಟು ಉದ್ದದ ಮಾತನ್ನು ಮನುಷ್ಯರೊಡನೆ ಅವಳು ಆಡಿ ವರ್ಷಗಳಾಗಿದ್ದವು.

"ಯಾವಾಗ ಆಯ್ತು ಇದು?"

"ಮೂರನೇ ವಾರ, ಟೀಚರ್."

"ಹದಿನೈದು ಭಾನುವಾರ ಫೋನ್ ಮಾಡಿದ್ದೀನಿ. ಹದಿನೈದು ಸಲಾನೂ ಚೆನ್ನಾಗಿದ್ದಾರೆ ಅಂದ್ರಿ ನೀವು."

ನೀನು ಹೋಗಿ ನೀವು ಆಗಿತ್ತು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

"ಕಲೆ ಬೀಳುತ್ತೆ, ಬೀಳಲಿ," ಎಂದರು ಟೀಚರ್. "ಅಲ್ಲಿ ಹಾಸಿಗೇಲಿ ಮಲಗಿ ನಾನು ನಂಬಿಕೊಂಡಿದ್ದು ಒಂದೇ ಒಂದು ಮಾತನ್ನ. ಅದೂ ಬಣ್ಣ ಹಚ್ಚಿದ್ದೇನಾ?" ಬುಟ್ಟಿ ತರಿಸಿ, ಬೆಕ್ಕನ್ನು ತುಂಬಿಸಿ, ತಮ್ಮನ ಕೈಯಲ್ಲಿ ಹೊರಿಸಿಕೊಂಡು ಮೇಲೆ ಹೋದರು.

ಮೂರು ದಿನ ಚಾವಣಿಯ ಮೇಲಿಂದ ವಕೀಲರ ವಾದ ಕೇಳಿಬರುತ್ತಿತ್ತು. ಸೂಜಕ್ಕ ತಲೆಯೆತ್ತದೆ ಒಂದು ಶಾಲು ಮುಗಿಸಿದಳು. ಮುಗಿಸಿ ನೋಡಿದರೆ ದಾರ ಒಂದು ಬಗೆ ಗಾಢವಾಗಿತ್ತು. ಎಲ್ಲ ಬಿಚ್ಚಿ ಮತ್ತೆ ಶುರು ಮಾಡಿದಳು.

ನಾಲ್ಕನೇ ದಿನ ಬೆಳಿಗ್ಗೆ ಕೋಲಿನ ಸದ್ದು ಕೇಳಿತು. ಟೀಚರ್ ಒಳಗೆ ಬಂದು, ಕೇಳದೆ ಮಂಚದ ಮೇಲೆ ಕೂತರು. ಮುಖ ಇನ್ನೂ ಬಿಗಿದೇ ಇತ್ತು.

"ಮೂರು ದಿನದಿಂದ ಅವನ ಕಿವಿ ಮುಟ್ಟಿ ಮುಟ್ಟಿ ನೋಡ್ತಿದ್ದೀನಿ," ಎಂದರು. "ಮೂವತ್ತು ವರ್ಷ ಮಕ್ಕಳಿಗೆ ಹವಾಮಾನ ಪಾಠ ಮಾಡಿದೆ. ಧ್ರುವ ತಣ್ಣಗೆ, ನಡು ಬೆಚ್ಚಗೆ ಅಂತ. ನಕ್ಷೆ ನನ್ನ ಮಡಿಲಲ್ಲೇ ಮಲಗಿತ್ತು, ನನಗೆ ಗೊತ್ತಾಗಲಿಲ್ಲ. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ಇನ್ನೂ. ಆದ್ರೆ ಕೇಳದೆ ಇರೋಕೂ ಆಗ್ತಿಲ್ಲ. ಮೊದಲು ಯಾವ ಕಡೆಯಿಂದ ಕಂದಾಯ್ತು? ಬೆನ್ನಿನ ಕಡೆಯಿಂದಲೋ ಹೊಟ್ಟೆ ಕಡೆಯಿಂದಲೋ?"

"ಬೆನ್ನಿನ ಕಡೆಯಿಂದ, ಟೀಚರ್. ಹೊಟ್ಟೆ ಹತ್ತಿರದ್ದು ಈಗಲೂ ಎರಡು ಬಗೆ ತಿಳಿ."

"ನಾನೂ ಹಾಗೇ ಅಂದುಕೊಂಡೆ." ಟೀಚರ್ ಕೋಲನ್ನು ಒಮ್ಮೆ ನೆಲಕ್ಕೆ ಕುಟ್ಟಿದರು. "ಭಾನುವಾರ ಸ್ಪರ್ಧೆಗೆ ಹೋಗ್ತೀನಿ. ಬುಟ್ಟಿ ಹೊರೋಕೆ ನನ್ನ ಕೈಲಾಗಲ್ಲ. ತೀರ್ಪುಗಾರರು ಕಲೆ ಏನು ಅಂತ ಕೇಳ್ತಾರೆ. ಹೇಳೋದು ನೀನೇ."

ಭಾನುವಾರ ದೊಡ್ಡ ಸಭಾಂಗಣದಲ್ಲಿ ಸಾಲು ಮೇಜುಗಳು. ದಿಂಬಿನಂತೆ ಉಬ್ಬಿದ ಚಪ್ಪಟೆ ಮೂಗಿನ ಬೆಕ್ಕುಗಳು ನಿದ್ದೆಗಣ್ಣಲ್ಲಿ ಲೋಕವನ್ನು ಸಹಿಸುತ್ತಿದ್ದವು. ನಮ್ಮವರ ಸಾಲಿನಲ್ಲಿ ಮಾತ್ರ ಎಂಟು ಸಯಾಮೀಸ್‌ಗಳು ಒಟ್ಟಿಗೆ ವಾದಿಸುತ್ತಿದ್ದವು. ಬಿಳಿ ಕೋಟಿನ ತೀರ್ಪುಗಾರರು ವಕೀಲರನ್ನು ಎತ್ತಿ, ಉದ್ದಕ್ಕೆ ಹಿಡಿದು, ಮೂತಿ ನೋಡಿ, ಬಾಲ ಸವರಿ ತಲೆದೂಗಿದರು. ಆಮೇಲೆ ಅವರ ಬೆರಳು ಎಡಪಕ್ಕೆಯಲ್ಲಿ ನಿಂತಿತು.

"ಇದು?"

ಸೂಜಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ನಾನು ಮಾಡಿದ್ದು ಸಾರ್. ಇಲ್ಲಿಂದ ಇಲ್ಲೀತನಕ." ಬೆರಳಿಟ್ಟು ಅಂಚನ್ನು ತೋರಿಸಿದಳು.

ತೀರ್ಪುಗಾರರು ನಿಂತು ಕೇಳಿದರು, ಎರಡು ಸಲ ಪ್ರಶ್ನೆ ಹಾಕಿದರು, ಅಂಕ ಕಳೆದು ಮುಂದಿನ ಮೇಜಿಗೆ ಹೋದರು. ವಕೀಲರಿಗೆ ಎಂಟರಲ್ಲಿ ಆರನೇ ಸ್ಥಾನ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಬುಟ್ಟಿ ಸೂಜಕ್ಕನ ಮಡಿಲಲ್ಲಿತ್ತು. ಟೀಚರ್ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ನಿಲ್ದಾಣ ಹತ್ತಿರ ಬಂದಾಗ ಇತ್ತ ತಿರುಗದೆಯೇ ಹೇಳಿದರು:

"ನಾಳೆಯಿಂದ ಮಂಡಿಗೆ ವ್ಯಾಯಾಮ ಮಾಡ್ಸೋಕೆ ಆಸ್ಪತ್ರೆಗೆ ಹೋಗ್ಬೇಕು, ವಾರಕ್ಕೆ ಮೂರು ದಿನ. ಹನ್ನೊಂದರಿಂದ ಒಂದು. ಅಷ್ಟು ಹೊತ್ತು ಇವನು ಒಬ್ಬನೇ ಇದ್ರೆ ಕಟ್ಟಡದವರೆಲ್ಲ ಓಡಿಹೋಗ್ತಾರೆ. ನಿನ್ನ ಕೆಲಸ ಮೇಲೆ ತಗೊಂಡು ಬಾ. ನಮ್ಮನೇಲೂ ಉತ್ತರಕ್ಕೆ ಕಿಟಕಿ ಇದೆ."

"ಬರ್ತೀನಿ ಟೀಚರ್."

"ಏನಾದ್ರೂ ಆದ್ರೆ..."

"ಅವತ್ತೇ ಹೇಳ್ತೀನಿ."

ಬುಟ್ಟಿಯೊಳಗಿನಿಂದ ಪ್ರಶ್ನೆಯೊಂದು ಬಂತು. ಇಬ್ಬರೂ ಒಟ್ಟಿಗೆ ಬಗ್ಗಿ ಉತ್ತರ ಕೊಡತೊಡಗಿದರು. ಮುಂದಿನ ಸೀಟಿನಲ್ಲಿ ಕೂತಿದ್ದ ಮನುಷ್ಯ ತಿರುಗಿ ನೋಡಿ, ತನ್ನ ಚೀಲ ತೆಗೆದುಕೊಂಡು ಬೇರೆ ಸೀಟಿಗೆ ಹೋದ.